ಪುಡಿ ಅವರದು, ಹದ ನಿನ್ನದು

ಮಫಿನ್ ಮಿಕ್ಸ್ ಡಬ್ಬಿ ತಂದಿದ್ದಕ್ಕೆ ಸಂಕೋಚ ಯಾಕಪ್ಪ? ಫೋನಿನಲ್ಲಿ ಆ ಮಾತು ಬಂದಾಗ ದನಿ ತಗ್ಗಿಸಿದೆಯಲ್ಲ, ಅದಕ್ಕೇ ಕೂತು ಬರೀತಿದೀನಿ. ಬೆಳಗಾದರೆ ಲ್ಯಾಬು, ರಾತ್ರಿಯಾದರೆ ಓದು, ನಡುವೆ ಬಸ್ಸು ಹಿಡಿಯೋ ಗಡಿಬಿಡಿ. ಇಷ್ಟರ ಮಧ್ಯೆ ಆನ್ ಆರ್ಬರಿನ ಆ ಪುಟ್ಟ ಅಡುಗೆಮನೆಯಲ್ಲಿ ಒಲೆ ಹಚ್ಚಬೇಕು, ಬಿಸಿಬಿಸಿ ಏನಾದರೂ ಮಾಡ್ಕೊಂಡು ತಿನ್ನಬೇಕು ಅಂತ ನಿನಗೆ ಅನ್ನಿಸ್ತಲ್ಲ, ಅದೇ ನನಗೆ ದೊಡ್ಡ ಸಂತೋಷ. ನಿಮ್ಮಮ್ಮ ಬೆಂಗಳೂರಿನಲ್ಲಿ ರವೆ ಇಡ್ಲಿ ಮಿಕ್ಸ್ ತರ್ತಾಳಲ್ಲ, ಪ್ಯಾಕೆಟ್ ಮೇಲೆ ಬರೆದಷ್ಟನ್ನೇ ಮಾಡಿ ಸುಮ್ಮನಾಗ್ತಾಳಾ? ಹುಳಿ ಮೊಸರು ಹಾಕ್ತಾಳೆ, ತುಪ್ಪದಲ್ಲಿ ಗೋಡಂಬಿ ಹುರೀತಾಳೆ, ಕ್ಯಾರೆಟ್ ತುರೀತಾಳೆ, ಇಡ್ಲಿ ತಟ್ಟೆಗೆ ಬರೋ ಹೊತ್ತಿಗೆ ಅದು ಅವಳ ಕೈಯಡುಗೆ ಆಗಿರುತ್ತೆ. ಈ ಡಬ್ಬಿಗೂ ಅಷ್ಟೇ ಬೇಕಿರೋದು.

ಮೊದಲು ಡಬ್ಬಿಯೊಳಗೆ ಏನಿದೆ ಅಂತ ತಿಳ್ಕೋ. ಮೈದಾ, ಸಕ್ಕರೆ, ಉಪ್ಪು, ಉಬ್ಬಿಸೋಕೆ ಸೋಡಾ ಮತ್ತು ಅದಕ್ಕೆ ಜೋಡಿಯಾದ ಹುಳಿ ಲವಣ, ಒಂದಿಷ್ಟು ಕೊಬ್ಬು, ಒಂದಿಷ್ಟು ಕೃತಕ ಪರಿಮಳ. ಮೈದಾಕ್ಕೆ ಎಷ್ಟು ಸೋಡಾ, ಎಷ್ಟು ಉಪ್ಪು ಅನ್ನೋ ಲೆಕ್ಕವನ್ನು ಕಾರ್ಖಾನೆಯವರು ಕರಾರುವಾಕ್ಕಾಗಿ ತೂಗಿ ಇಟ್ಟಿರ್ತಾರೆ. ಆ ಕೆಲಸ ನಮ್ಮ ಕಪ್ಪು-ಚಮಚಗಳಿಂದ ಅಷ್ಟು ಸರಿಯಾಗಿ ಆಗೋದಿಲ್ಲ. ಆದರೆ ಆ ಪುಡಿ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರಬೇಕು, ಕೆಡಬಾರದು. ಹಾಗಾಗಿ ಬೆಣ್ಣೆ, ಹಾಲು, ಮೊಸರು, ತಾಜಾ ಹಣ್ಣು, ನಿಂಬೆಸಿಪ್ಪೆ ಅದರೊಳಗೆ ಇರೋಕೆ ಸಾಧ್ಯವೇ ಇಲ್ಲ. ಬಾಯಿಗೆ ರುಚಿ ಕೊಡೋದು ಮಾತ್ರ ಅವೇ. ಹಾಗಾಗಿ ಪುಡಿಯ ತಂಟೆಗೆ ಹೋಗಬೇಡ. ನೀನು ಹೊರಗಿನಿಂದ ಹಾಕೋ ನೀರು, ಎಣ್ಣೆ, ಪರಿಮಳ ಈ ಮೂರನ್ನು ಬದಲಾಯಿಸು, ಕಲಸೋ ಕೈಯನ್ನೂ ಬೇಯಿಸೋ ಬಿಸಿಯನ್ನೂ ಹದ್ದುಬಸ್ತಿನಲ್ಲಿಡು. ನಾನು ಹೇಳಬೇಕಾದ್ದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಈ ಮಿಕ್ಸ್‌ಗಳಿಗೆ ನೀನಿರೋ ಸೀಮೆಯೇ ಒಂದು ತವರು ಗೊತ್ತಾ? ನಿನ್ನ ಊರಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಚೆಲ್ಸಿಯಾ ಅಂತ ಪುಟ್ಟ ಊರಿದೆ. ಅಲ್ಲಿನ ಹಿಟ್ಟಿನ ಗಿರಣಿಯ ಎತ್ತರದ ಕಣಜಗಳ ಮೇಲೆ ಜಿಫಿ ಅಂತ ದೊಡ್ಡದಾಗಿ ಬರೆದಿರೋದು ದೂರದಿಂದಲೇ ಕಾಣುತ್ತೆ. 1930ರಲ್ಲಿ ಆ ಗಿರಣಿಯ ಮನೆತನದ ಮೇಬಲ್ ವೈಟ್ ಹೋಮ್ಸ್ ಅನ್ನೋ ಹೆಣ್ಣುಮಗಳು ಜಿಫಿ ಮಿಕ್ಸ್ ಶುರುಮಾಡಿದಳು. ತಾಯಿಯಿಲ್ಲದ ಮಕ್ಕಳಿಗೆ ತಂದೆ ಕಟ್ಟಿಕೊಟ್ಟಿದ್ದ ಬಿಸ್ಕತ್ತು ನೋಡಿ, ಅಡುಗೆ ಬಾರದವರಿಗೂ ಕೈಹಿಡಿಯೋ ಹಿಟ್ಟು ಬೇಕು ಅಂತ ಆಕೆಗೆ ಹೊಳೆಯಿತು ಅನ್ನೋದು ಕಂಪನಿಯವರು ಹೇಳೋ ಕತೆ. ಅದೇ ದಶಕದಲ್ಲಿ ಪಿಟ್ಸ್‌ಬರ್ಗಿನ ಡಫ್ ಅನ್ನೋ ಕಾಕಂಬಿ ಕಂಪನಿ ಕಾಕಂಬಿಯನ್ನು ಹಿಟ್ಟಿನ ಜೊತೆ ಒಣಗಿಸಿ ಮಿಕ್ಸ್ ಮಾಡ್ತು. ಮೊದಲು ಮೊಟ್ಟೆಯನ್ನೂ ಪುಡಿಮಾಡಿ ಅದರೊಳಗೇ ಹಾಕಿದ್ದರು. ಗೃಹಿಣಿಯರಿಗೆ ತಾಜಾ ಮೊಟ್ಟೆಯೇ ಇಷ್ಟ ಅಂತ ಕಂಡು, 1935ರ ಪೇಟೆಂಟಿನಲ್ಲಿ ಮೊಟ್ಟೆಪುಡಿ ತೆಗೆದು ಮೊಟ್ಟೆ ಒಡೆದು ಹಾಕೋ ಕೆಲಸವನ್ನು ಮನೆಯವರಿಗೇ ಬಿಟ್ಟರು. ಅವರು ಬಿಟ್ಟ ಆ ಜಾಗದಲ್ಲೇ ನಮ್ಮ ಕೆಲಸ.

ಡಬ್ಬಿ ಕೊಳ್ಳುವಾಗ ಮುಂಭಾಗದ ಚಿತ್ರ ನೋಡಬೇಡ, ಪಕ್ಕದ ಸಣ್ಣಕ್ಷರದ ಪಟ್ಟಿ ಓದು. ಪದಾರ್ಥಗಳನ್ನು ತೂಕದ ಇಳಿಕೆಯಲ್ಲಿ ಬರೆದಿರ್ತಾರೆ, ಹಾಗಾಗಿ ಯಾವುದು ಮೊದಲಿದೆಯೋ ಅದೇ ಜಾಸ್ತಿ. ನಮ್ಮ ಮನೆಯವರಿಗೆ ಮುಖ್ಯವಾದದ್ದು ಕೊಬ್ಬು. ಜಿಫಿಯ ಮೆಕ್ಕೆಜೋಳದ ಮಫಿನ್ ಮಿಕ್ಸ್‌ನಲ್ಲಿ ಬಹಳ ಕಾಲ ಹಂದಿಕೊಬ್ಬು ಇರ್ತಿತ್ತು, ಅದನ್ನು ಲಾರ್ಡ್ ಅಂತ ಬರೆದಿರ್ತಾರೆ. ಸಸ್ಯಾಹಾರಿಗಳಿಗೆ ಅಂತ ಬೇರೆ ಡಬ್ಬಿಯನ್ನೂ ತಂದರು. ಇಂಥ ಪಟ್ಟಿಗಳು ಆಗಾಗ ಬದಲಾಗ್ತವೆ, ಹೋದ ಸಲ ಓದಿದ್ದೆ ಅಂತ ಈ ಸಲ ಬಿಡಬೇಡ. ಬ್ಲೂಬೆರಿ ಅಂತ ಬರೆದ ಕೆಲವು ಅಗ್ಗದ ಪೊಟ್ಟಣಗಳಲ್ಲಿ ಹಣ್ಣೇ ಇರೋದಿಲ್ಲ, ಸಕ್ಕರೆ, ಎಣ್ಣೆ, ಬಣ್ಣ ಸೇರಿಸಿದ ನೀಲಿ ಚೂರು ಇರುತ್ತೆ. ಅದರ ಬದಲು ಸಾದಾ ಮಿಕ್ಸ್ ತಂದು ಹಣ್ಣು ನೀನೇ ಹಾಕು. ತಾರೀಕನ್ನೂ ನೋಡ್ಕೋ. ಹಳೆಯದಾದರೆ ಉಬ್ಬಿಸೋ ಪುಡಿಯ ಕಸುವು ಇಳಿದಿರುತ್ತೆ. ಅಂಥದ್ದಕ್ಕೆ ಅರ್ಧ ಟೀ ಚಮಚ ಹೊಸ ಬೇಕಿಂಗ್ ಪೌಡರ್ ಸೇರಿಸಿದರೆ ಜೀವ ಬರುತ್ತೆ.

ಇನ್ನು ಕೆಲಸಕ್ಕೆ ಬರೋಣ. 12 ಮಫಿನ್ ಆಗೋ ದೊಡ್ಡ ಡಬ್ಬಿಗೆ ಸಾಮಾನ್ಯವಾಗಿ ಮುಕ್ಕಾಲು ಕಪ್ ನೀರು, ಕಾಲು ಕಪ್ ಎಣ್ಣೆ, 2 ಮೊಟ್ಟೆ ಅಂತ ಇರುತ್ತೆ. ನಿನ್ನ ಡಬ್ಬಿ ಬೇರೆ ಹೇಳಿದರೆ ಅದರ ಅಳತೆಯನ್ನೇ ಹಿಡಿ. ನೀರನ್ನು ಮಾತ್ರ ಬಿಟ್ಟುಬಿಡು. ಅದೇ ಮುಕ್ಕಾಲು ಕಪ್ ಗಟ್ಟಿ ಹಾಲು ಹಾಕಿದರೂ ಬಣ್ಣ, ರುಚಿ ಎರಡೂ ಏರ್ತವೆ. ಅದಕ್ಕಿಂತ ಒಳ್ಳೆಯದು ಬಟರ್‌ಮಿಲ್ಕ್. ನಮ್ಮ ನೀರು ಮಜ್ಜಿಗೆ ಅಂದ್ಕೋಬೇಡ. ಅಮೆರಿಕದ ಅಂಗಡಿಯ ಬಟರ್‌ಮಿಲ್ಕ್ ಹೆಪ್ಪು ಹಾಕಿದ ಮಂದ ಹಾಲು. ಅದಿಲ್ಲದಿದ್ದರೆ ಅರ್ಧ ಕಪ್ ಮೊಸರಿಗೆ ಕಾಲು ಕಪ್ ಹಾಲು ಕಲಸಿ ಕಡೆದ್ಕೋ, ಸರಿಹೋಗುತ್ತೆ. ಹುಳಿ ಇರೋದರಿಂದ ಮಫಿನ್ ಒಳಗೆ ಮೃದುವಾಗುತ್ತೆ, ಡಬ್ಬಿಯ ಅತಿ ಸಿಹಿಯೂ ತಗ್ಗಿದ ಹಾಗೆ ಅನ್ನಿಸುತ್ತೆ. ಆ ಹುಳಿಗೆ ಸರಿದೂಗೋಕೆ ಕಾಲು ಟೀ ಚಮಚ ಅಡುಗೆ ಸೋಡಾ ಪುಡಿಯಲ್ಲಿ ಬೆರೆಸ್ಕೋ. ಅದಕ್ಕಿಂತ ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತೆ, ಕೈ ಬಿಗಿ ಹಿಡಿ.

ಎಣ್ಣೆಯ ವಿಷಯದಲ್ಲಿ ನಿನ್ನ ವಯಸ್ಸಿನವರೆಲ್ಲ ಬೆಣ್ಣೆ ಹಾಕಿಬಿಟ್ಟರೆ ಆಯ್ತು ಅಂತಾರೆ. ನಾನು ಹಾಗೆ ಹೇಳೋದಿಲ್ಲ. ಅಮೆರಿಕದ ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ರಷ್ಟು, ಉಳಿದದ್ದರಲ್ಲಿ ಬಹುಪಾಲು ನೀರು. ರುಚಿ ಅದರದ್ದೇ, ಎರಡು ಮಾತಿಲ್ಲ. ಆದರೆ ಆರಿದ ಮೇಲೆ ಬೆಣ್ಣೆ ಗಟ್ಟಿಯಾಗುತ್ತೆ, ಎಣ್ಣೆ ಆಗೋದಿಲ್ಲ, ಹಾಗಾಗಿ ಎಣ್ಣೆ ಹಾಕಿದ ಮಫಿನ್ ಮಾರನೇ ದಿನವೂ ಮೆತ್ತಗಿರುತ್ತೆ. ಆದ್ದರಿಂದ ಅರ್ಧ ಎಣ್ಣೆ, ಅರ್ಧ ಕರಗಿಸಿದ ಬೆಣ್ಣೆ ಹಾಕೋದು ನನ್ನ ಪದ್ಧತಿ. ಮಾಡಿದ ದಿನವೇ ಎಲ್ಲ ಖಾಲಿಯಾಗುತ್ತೆ ಅಂತ ಗೊತ್ತಿದ್ದರೆ ಮಾತ್ರ ಪೂರ್ತಿ ಬೆಣ್ಣೆ, ಅದೂ ಕಾಯಿಸಿ ಕೆಂಪು ಮಾಡಿದ ಬೆಣ್ಣೆ.

ಅದನ್ನು ಮಾಡೋದು ಹೀಗೆ. 5 ಟೇಬಲ್ ಚಮಚದಷ್ಟು ಬೆಣ್ಣೆ ಸಣ್ಣ ಪಾತ್ರೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸು. ತಳ ಕಾಣೋ ಬಿಳಿ ಪಾತ್ರೆಯಾದರೆ ಒಳ್ಳೆಯದು. ಮೊದಲು ನೊರೆ ಏಳುತ್ತೆ, ಚಟಪಟ ಸದ್ದು ಬರುತ್ತೆ, ಅದು ನೀರು ಹೋಗ್ತಿರೋ ಸದ್ದು. ಸದ್ದು ನಿಧಾನವಾಗಿ ಇಳಿದು ನೊರೆ ಸಣ್ಣದಾಗ್ತಾ ಬರುವಾಗ ತಳದಲ್ಲಿ ಬಿಳಿ ಚೂರುಗಳು ಕಾಣ್ತವೆ. ಚಮಚದಿಂದ ತಿರುವ್ತಾ ಇರು. ಆ ಚೂರು ಹೊಂಬಣ್ಣಕ್ಕೆ ತಿರುಗಿ, ಮನೆಯಲ್ಲಿ ಹುರಿದ ಗೋಡಂಬಿಯ ಹಾಗೆ ಘಮ ಎದ್ದ ಕ್ಷಣ ಒಲೆಯಿಂದ ಇಳಿಸಿ ಬೇರೆ ಬಟ್ಟಲಿಗೆ ಸುರಿದುಬಿಡು, ಇಲ್ಲದಿದ್ದರೆ ಪಾತ್ರೆಯ ಕಾವಿಗೇ ಕರಿಯಾಗುತ್ತೆ. ತುಪ್ಪ ಕಾಯಿಸುವಾಗ ನಾವು ಆ ಚೂರನ್ನು ಸೋಸಿ ಬಿಡ್ತೀವಿ, ಇಲ್ಲಿ ಬಿಡಬೇಡ, ರುಚಿಯೆಲ್ಲ ಅದರಲ್ಲೇ ಇದೆ. ಆರಿದ ಮೇಲೆ ಅಳೆದರೆ ಸುಮಾರು ಕಾಲು ಕಪ್ ಆಗಿರುತ್ತೆ, ಡಬ್ಬಿ ಕೇಳಿದಷ್ಟು. ಬಿಸಿಯಿರುವಾಗಲೇ ಮೊಟ್ಟೆಗೆ ಹಾಕಿದರೆ ಮೊಟ್ಟೆ ಬೆಂದುಹೋಗುತ್ತೆ, ತಾಳ್ಮೆಯಿಂದ ಆರಿಸು.

ಮೊಟ್ಟೆ ತಿನ್ನದವರಿಗೆ ಮಾಡುವಾಗ ಒಂದು ಮೊಟ್ಟೆಗೆ ಕಾಲು ಕಪ್ ಗಟ್ಟಿ ಮೊಸರು ಹಾಕು. ಅಥವಾ 1 ಟೇಬಲ್ ಚಮಚ ಅಗಸೆ ಬೀಜದ ಪುಡಿಯನ್ನು 3 ಟೇಬಲ್ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸು, ಲೋಳೆಯಾಗುತ್ತೆ, ಅದು ಒಂದು ಮೊಟ್ಟೆಯ ಕೆಲಸ ಮಾಡುತ್ತೆ. ಮಫಿನ್ನಿನ ತಲೆ ಅಷ್ಟು ಎತ್ತರಕ್ಕೆ ಏಳೋದಿಲ್ಲ, ಆದರೆ ರುಚಿಗೆ ಮೋಸವಿಲ್ಲ. ನಿಮ್ಮ ಮಿಷಿಗನ್ನಿನ ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಒಯ್ಯೋದಾದರೆ ಇದನ್ನೇ ಮಾಡು, ಹಿರಿಯರು ಕೇಳದೆಯೇ ಎತ್ಕೊಂಡು ತಿನ್ನಬಹುದು. ತಟ್ಟೆಯ ಮುಂದೆ ಮೊಟ್ಟೆ ಇಲ್ಲ ಅಂತ ಒಂದು ಚೀಟಿ ಇಡೋದನ್ನು ಮರೀಬೇಡ.

ಪರಿಮಳಕ್ಕೆ ಸುಲಭದ ದಾರಿ ನಿಂಬೆ ಸಿಪ್ಪೆ. ಹಳದಿ ಭಾಗವನ್ನು ಮಾತ್ರ ಸಣ್ಣಗೆ ತುರಿ, ಕೆಳಗಿನ ಬಿಳಿ ಕಹಿ. ತುರಿದದ್ದನ್ನು ಒಂದು ಚಮಚ ಸಕ್ಕರೆಯ ಜೊತೆ ಬೆರಳಿನಲ್ಲಿ ತಿಕ್ಕಿದರೆ ಅದರ ಎಣ್ಣೆ ಬಿಟ್ಕೊಂಡು ಸಕ್ಕರೆ ಒದ್ದೆಯಾಗುತ್ತೆ, ಆ ಸಕ್ಕರೆ ಪುಡಿಗೆ ಬೆರೆಸು. ಬ್ಲೂಬೆರಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಬಾಳೆಹಣ್ಣಿನ ಮಿಕ್ಸ್‌ಗೆ ಜಾಯಿಕಾಯಿ ತೇದು ಒಂದು ಚಿಟಿಕೆ, ಸಾದಾದಕ್ಕೆ ಏಲಕ್ಕಿ. ಏಲಕ್ಕಿ ಹಾಕಿದಾಗ ದಾಲ್ಚಿನ್ನಿ ಹಾಕಬೇಡ, ಒಂದನ್ನೊಂದು ತುಳೀತವೆ. ಯಾವುದನ್ನೇ ಹಾಕಿದರೂ ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಬೀಳಲಿ.

ಸಿಹಿ ನಾಲಿಗೆಗೆ ಹೊಡೆಯೋ ಹಾಗಿದೆ ಅಂತ ಫೋನಿನಲ್ಲಿ ಅಂದೆಯಲ್ಲ, ಪುಡಿಯ ತಂಟೆಗೆ ಹೋಗಬೇಡ ಅಂದ ಮಾತನ್ನು ನಾನು ಇಲ್ಲಿ ಇನ್ನಷ್ಟು ಸಡಿಲಿಸ್ತೀನಿ. ಸಕ್ಕರೆಯನ್ನು ಹೊರಗೆ ತೆಗೆಯೋಕೆ ಆಗೋದಿಲ್ಲ, ಹರಡಬಹುದು. ಅರ್ಧ ಕಪ್ ಮೈದಾ ಅಥವಾ ಗೋಧಿ ಹಿಟ್ಟಿಗೆ ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಬೆರೆಸಿ ಡಬ್ಬಿಯ ಪುಡಿಗೆ ಸೇರಿಸು, ಕಾಲು ಕಪ್ ಹಾಲು ಹೆಚ್ಚಿಗೆ ಹಾಕು. ಹೊಸ ಹಿಟ್ಟು ತನ್ನ ಬೇಕಿಂಗ್ ಪೌಡರ್ ತಾನೇ ತಂದಿದ್ದರೆ ಉಬ್ಬೋದಕ್ಕೆ ತೊಂದರೆಯಾಗೋದಿಲ್ಲ. ಎರಡು ಮಫಿನ್ ಜಾಸ್ತಿಯೂ ಆಗ್ತವೆ.

ಈಗ ಬಹಳ ಜನ ಎಡವೋ ಜಾಗ, ಕಲಸೋದು. ಚಪಾತಿ ಹಿಟ್ಟನ್ನು ನಾದಿ ನಾದಿ ಬೆಳೆದ ಕೈ ನಮ್ಮದು, ಗಂಟು ಕಂಡರೆ ಸುಮ್ಮನಿರೋದಿಲ್ಲ. ಮೈದಾಕ್ಕೆ ನೀರು ತಾಗಿ ತಿರುವೋಕೆ ಶುರುಮಾಡಿದರೆ ಗ್ಲೂಟೆನ್ ಅನ್ನೋ ಅಂಟು ಹೆಣೆದ್ಕೊಳ್ಳುತ್ತೆ. ಚಪಾತಿಗೆ ಅದು ಬೇಕು, ಮಫಿನ್‌ಗೆ ಬೇಡ. ಹೆಚ್ಚು ತಿರುವಿದ ಮಫಿನ್ ಮುರಿದು ನೋಡಿದರೆ ಒಳಗೆ ಉದ್ದುದ್ದ ಸುರಂಗ ಕೊರೆದ ಹಾಗಿರುತ್ತೆ, ತಲೆ ಚೂಪಾಗಿ ಒಂದು ಕಡೆ ವಾಲಿರುತ್ತೆ, ಅಗಿದರೆ ರಬ್ಬರು. ಅದಕ್ಕೇ ಮೊದಲು ಹಸಿಯದ್ದನ್ನೆಲ್ಲ ಒಂದು ಬಟ್ಟಲಿನಲ್ಲಿ ಚೆನ್ನಾಗಿ ಕಡೆ, ಮೊಟ್ಟೆ, ಮೊಸರು, ಬೆಣ್ಣೆ ಎಷ್ಟು ಕಡೆದರೂ ತೊಂದರೆಯಿಲ್ಲ. ಮೊಸರೂ ಮೊಟ್ಟೆಯೂ ಫ್ರಿಜ್ಜಿನ ಕೊರೆತ ಬಿಟ್ಟಿರಲಿ, ಇಲ್ಲದಿದ್ದರೆ ಬೆಣ್ಣೆ ಹೆಪ್ಪುಗಟ್ಟಿ ಚೂರುಚೂರಾಗುತ್ತೆ. ಪುಡಿಯ ನಡುವೆ ಗುಳಿ ಮಾಡಿ ಇದನ್ನು ಒಮ್ಮೆಗೇ ಸುರಿ. ಚಪ್ಪಟೆ ಸೌಟಿನಿಂದ ತಳದಿಂದ ಮೇಲಕ್ಕೆ ಎತ್ತಿ ಮಗುಚು, ಪಾತ್ರೆ ತಿರುಗಿಸು, ಮತ್ತೆ ಮಗುಚು. 12ರಿಂದ 15 ಸಲ ಮಗುಚಿದರೆ ಸಾಕು. ಅಲ್ಲಲ್ಲಿ ಕಡಲೆಕಾಳಿನಷ್ಟು ಗಂಟು ಇರಲಿ, ಬೇಯುವಾಗ ತಾನೇ ಕರಗುತ್ತೆ. ಒಣ ಪುಡಿ ಮಾತ್ರ ಎಲ್ಲೂ ಕಾಣಬಾರದು. ಸೌಟು ಎತ್ತಿದರೆ ಹಿಟ್ಟು ಧಾರೆಯಾಗಿ ಹರೀಬಾರದು, ದೊಪ್ಪೆಂದು ಬೀಳಬೇಕು. ಮಿಕ್ಸರ್, ಬ್ಲೆಂಡರ್ ಹತ್ತಿರ ಸುಳಿಯಬೇಡ.

ಆಮೇಲೆ ಹಿಟ್ಟನ್ನು ಕಾಲು ಗಂಟೆ ಹಾಗೇ ಬಿಡು. ಮೈದಾ ನೀರು ಕುಡಿದು ಹಿಟ್ಟು ಮಂದವಾಗುತ್ತೆ, ಮಫಿನ್ ಅಗಲಕ್ಕೆ ಹರಿಯದೆ ಮೇಲಕ್ಕೆ ಏಳುತ್ತೆ. ಬಿಟ್ಟರೆ ಉಬ್ಬೋ ಶಕ್ತಿ ಹೋಗುತ್ತೇನೋ ಅನ್ನೋ ಭಯ ಬೇಡ. ಈ ಮಿಕ್ಸ್‌ಗಳ ಉಬ್ಬಿಸೋ ಪುಡಿ ಎರಡು ಸಲ ಕೆಲಸ ಮಾಡೋ ಜಾತಿಯದು, ಒದ್ದೆಯಾದಾಗ ಸ್ವಲ್ಪ, ಬಿಸಿ ತಾಗಿದಾಗ ಉಳಿದದ್ದು. ಹಸಿ ಹಿಟ್ಟನ್ನು ಬೆರಳಲ್ಲಿ ನೆಕ್ಕೋ ಅಭ್ಯಾಸ ನಿನಗೆ ಚಿಕ್ಕಂದಿನಿಂದ ಇದೆ, ಅದು ಬೇಡ. ಮೊಟ್ಟೆಯ ಜೊತೆಗೆ ಹಸಿ ಮೈದಾದಲ್ಲೂ ರೋಗಾಣು ಇರಬಹುದು.

ಓವನ್ನು 425 ಡಿಗ್ರಿ ಫ್ಯಾರನ್‌ಹೀಟ್‌ಗೆ ಚೆನ್ನಾಗಿ ಕಾದಿರಲಿ. ಬಾಡಿಗೆ ಮನೆಯ ಓವನ್ನುಗಳು ಗುಂಡಿ ಹೇಳೋದೊಂದು, ಒಳಗಿರೋದೊಂದು. ಒಳಗೆ ನೇತುಹಾಕೋ ಸಣ್ಣ ಥರ್ಮಾಮೀಟರ್ ಒಂದು ತಂದಿಟ್ಕೋ, ಹೆಚ್ಚು ದುಡ್ಡೇನಿಲ್ಲ. ಮಫಿನ್ ತಟ್ಟೆಯ ಗುಳಿಗಳಿಗೆ ಮುಕ್ಕಾಲು ಭಾಗ ಹಿಟ್ಟು ತುಂಬಿ, ಒಳಗಿಟ್ಟು, ಐದಾರು ನಿಮಿಷ ಆದ ಮೇಲೆ ಬಾಗಿಲು ತೆಗೆಯದೆ 350ಕ್ಕೆ ಇಳಿಸು. ಮೊದಲ ಜೋರು ಬಿಸಿಗೆ ಆವಿ ಎದ್ದು, ಮೇಲ್ಪದರ ಗಟ್ಟಿಯಾಗೋ ಮುಂಚೆ ತಲೆ ಮೇಲಕ್ಕೆ ದೂಡ್ಕೊಂಡು ಬರುತ್ತೆ. ಬೇಕರಿಯವರ ಗುಮ್ಮಟ ಬರೋದು ಹೀಗೇ. ಮುಂದೆ ಹತ್ತು-ಹನ್ನೆರಡು ನಿಮಿಷ ಆದ ಮೇಲೆ ಕಡ್ಡಿ ಚುಚ್ಚಿ ನೋಡು. ಹಸಿ ಹಿಟ್ಟು ಅಂಟದೆ ಒಂದೆರಡು ಒದ್ದೆ ತುಣುಕು ಬಂದರೆ ಆಯ್ತು, ಪೂರ್ತಿ ಒಣಗಿದ ಕಡ್ಡಿಗೆ ಕಾದರೆ ಮಫಿನ್ನೂ ಒಣಗಿರುತ್ತೆ. ತಟ್ಟೆ ಕಪ್ಪು ಬಣ್ಣದ್ದಾದರೆ ಎರಡು ಬಿಸಿಯನ್ನೂ 25 ಡಿಗ್ರಿ ಕಡಿಮೆ ಮಾಡು, ತಳ ಬೇಗ ಹಿಡಿಯುತ್ತೆ.

ಹಣ್ಣಿನ ಬಗ್ಗೆ ಮಿಷಿಗನ್‌ನಲ್ಲಿರೋ ನಿನಗೆ ಕೊರತೆಯೇ ಇಲ್ಲ. ಜುಲೈ, ಆಗಸ್ಟಿನಲ್ಲಿ ಸೌತ್ ಹೇವನ್ ಕಡೆಯ ಬ್ಲೂಬೆರಿ ಸಂತೆಗೆ ಬರುತ್ತೆ, ಆಗ ತಾಜಾದ್ದೇ ಹಾಕು. ಉಳಿದ ದಿನ ಫ್ರೀಜರಿನದ್ದು, ಅದನ್ನು ಕರಗಿಸದೆ ಗಟ್ಟಿಯಾಗಿರುವಾಗಲೇ ಒಂದು ಚಮಚ ಮೈದಾದಲ್ಲಿ ಹೊರಳಿಸಿ ಕೊನೆಯ ಎರಡು ಮಗುಚಿನಲ್ಲಿ ಸೇರಿಸು. ಕರಗಿಸಿದರೆ ರಸ ಬಿಟ್ಕೊಂಡು ಹಿಟ್ಟೆಲ್ಲ ಹಸಿರು-ನೀಲಿ ಆಗುತ್ತೆ. ಆ ಹಣ್ಣಿನ ಬಣ್ಣ ಸೋಡಾದ ಕ್ಷಾರಕ್ಕೆ ಹಸಿರಿಗೆ ತಿರುಗುತ್ತೆ, ಹುಳಿಯಲ್ಲಿ ನೇರಳೆಯಾಗೇ ಉಳಿಯುತ್ತೆ, ಮೊಸರಿನ ಇನ್ನೊಂದು ಉಪಕಾರ ಅದು. ಡಬ್ಬಿಯೊಳಗೆ ಬ್ಲೂಬೆರಿಯ ಸಣ್ಣ ಟಿನ್ ಬಂದಿದ್ದರೆ ಜರಡಿಗೆ ಸುರಿದು, ತೊಳೆದು, ನೀರು ಬಸಿದು ಹಾಕು. ಟ್ರಾವರ್ಸ್ ಸಿಟಿ ಕಡೆಯ ಒಣಗಿಸಿದ ಹುಳಿ ಚೆರ್ರಿಯೂ ಚೆನ್ನ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಿಂಡಿ ಹಾಕು. ಕಪ್ಪಾದ ಬಾಳೆಹಣ್ಣು ಉಳಿದಿದ್ದರೆ ಒಂದನ್ನು ಕಿವುಚಿ ಸೇರಿಸಬಹುದು, ಆಗ ಹಾಲು ಕಾಲು ಕಪ್ ಕಡಿಮೆ ಮಾಡು.

ಓವನ್ನಿಗೆ ಇಡೋ ಮುಂಚೆ ಮಫಿನ್ನಿನ ತಲೆಯ ಮೇಲೆ ಕಲ್ಲುಸಕ್ಕರೆ ಕುಟ್ಟಿ ಉದುರಿಸು. ದಪ್ಪ ಹರಳು ಪೂರ್ತಿ ಕರಗದೆ ಗರಿಗರಿಯಾಗಿ ಉಳಿಯುತ್ತೆ. ಇಂಡಿಯನ್ ಅಂಗಡಿಯಿಂದ ತಂದದ್ದು ನಿನ್ನ ಹತ್ತಿರ ಇದ್ದೇ ಇರುತ್ತೆ.

ಮೆಕ್ಕೆಜೋಳದ ಮಿಕ್ಸ್ ಬಗ್ಗೆ ಬೇರೆಯಾಗಿ ಹೇಳಬೇಕು, ಅದು ನನ್ನ ಮೆಚ್ಚಿನದು. ಜಿಫಿಯ ಎಂಟೂವರೆ ಔನ್ಸಿನ ಪುಟ್ಟ ಡಬ್ಬಿ 1 ಮೊಟ್ಟೆ, ಮೂರನೇ ಒಂದು ಕಪ್ ಹಾಲು ಕೇಳುತ್ತೆ. ಹಾಲಿನ ಬದಲು ಅಷ್ಟೇ ಮೊಸರು, ಮೇಲೆ ಒಂದು ಚಮಚ ಹಾಲು ಹಾಕು. ಎರಡು ಚಮಚ ತುಪ್ಪದಲ್ಲಿ ಸಾಸಿವೆ ಸಿಡಿಸಿ, ಜೀರಿಗೆ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಒಗ್ಗರಣೆ ಆರಿಸ್ಕೋ. ಅದನ್ನೂ, ಅರ್ಧ ಕಪ್ ಮೆಕ್ಕೆಜೋಳದ ಕಾಳನ್ನೂ, ಕೊತ್ತಂಬರಿ ಸೊಪ್ಪನ್ನೂ, ಚಿಟಿಕೆ ಉಪ್ಪನ್ನೂ ಸೇರಿಸಿ 400 ಡಿಗ್ರಿಯಲ್ಲಿ ಬೇಯಿಸು. ಮಿಕ್ಸ್‌ನ ಸಿಹಿ ಇದ್ದೇ ಇರುತ್ತೆ, ಖಾರದ ಪಕ್ಕ ಅದು ಹಿತ. ಅಮೆರಿಕದವರು ಇದನ್ನು ಹುರುಳಿಕಾಯಿ ಬೀಜದ ಖಾರ ಚಿಲ್ಲಿಯ ಜೊತೆ ತಿಂತಾರೆ, ನೀನು ಬಿಸಿ ಬೇಳೆಸಾರಿನಲ್ಲಿ ಅದ್ದಿ ತಿಂದು ನೋಡು.

ಓವನ್ನಿಂದ ತೆಗೆದ ಮೇಲೆ ತಟ್ಟೆಯಲ್ಲಿ ಐದು ನಿಮಿಷ ಬಿಟ್ಟು ಜಾಲರಿಗೆ ಎತ್ತು. ತಟ್ಟೆಯಲ್ಲೇ ಬಿಟ್ಟರೆ ಆವಿ ಇಳಿದು ತಳ ಮುದ್ದೆಯಾಗುತ್ತೆ. ಪೂರ್ತಿ ಆರಿದ ಮೇಲೆ ಡಬ್ಬದಲ್ಲಿ ಮುಚ್ಚಿ ಹೊರಗೇ ಎರಡು ದಿನ ಇಡಬಹುದು. ಫ್ರಿಜ್ಜಿನಲ್ಲಿ ಇಡಬೇಡ, ಅಲ್ಲಿನ ತಣುಪಿಗೆ ಬೆಂದ ಹಿಟ್ಟು ಬೇಗ ಬಿರುಸಾಗುತ್ತೆ. ಮಿಕ್ಕದ್ದನ್ನು ಒಂದೊಂದಾಗಿ ಸುತ್ತಿ ಫ್ರೀಜರಿಗೆ ಹಾಕು, ಎರಡು ತಿಂಗಳು ಇರುತ್ತೆ. ಬೆಳಿಗ್ಗೆ ಸ್ನಾನಕ್ಕೆ ಹೋಗೋ ಮುಂಚೆ ಒಂದು ತೆಗೆದಿಟ್ಟು, ಬಂದ ಮೇಲೆ ಅರ್ಧಕ್ಕೆ ಸೀಳಿ ಟೋಸ್ಟರ್ ಓವನ್ನಿನಲ್ಲಿ ಬಿಸಿಮಾಡು. ಕಾಫಿ ಆಗೋ ಹೊತ್ತಿಗೆ ಅದೂ ತಯಾರು. ಈ ವಾರ ಬ್ಲೂಬೆರಿ ಡಬ್ಬಿ ಮಾಡಿ ಹೇಗಾಯ್ತು ಅಂತ ಫೋನ್ ಮಾಡು. ಜೋಳದ್ದನ್ನು ನಾನು ಬಂದಾಗ ಒಟ್ಟಿಗೆ ಮಾಡೋಣ, ಕರಿಬೇವು ನಾನೇ ತರ್ತೀನಿ.